ನನ್ನ ದೊಡ್ಡಪ್ಪನಾದ ಅಜ್ಜಿ

ಮೊನ್ನೆ ಊರಿಗೆ ಹೋದಾಗ ಗ್ರಾಮ ಲೆಕ್ಕಿಗರ ಕಚೇರಿಯ ಬೋರ್ಡು ಬದಲಾಗಿತ್ತು. ‘ಗ್ರಾಮ ಆಡಳಿತ ಅಧಿಕಾರಿ’ ಅಂತ ಹೊಸ ಬಣ್ಣ. ಅದರಡಿಯಿಂದ ಹಳೆಯ ‘ಲೆಕ್ಕಿಗ’ ಇನ್ನೂ ಇಣುಕುತ್ತಿದ್ದ. ಬೀಗ ಮಾತ್ರ ಅದೇ. ‘ಸಾಹೇಬ್ರು ಫೀಲ್ಡಿಗೆ ಹೋಗವ್ರೆ’ ಎಂದ ಚಹಾ ಅಂಗಡಿಯವನು. ಫೀಲ್ಡು ಬಹಳ ದೊಡ್ಡ ಜಾಗ. ಅಲ್ಲಿಗೆ ಹೋದವರು ಸಂಜೆಯೊಳಗೆ ಸಿಕ್ಕ ನಿದರ್ಶನವಿಲ್ಲ.

ನಾನು ಹೋದದ್ದು ಅಜ್ಜಿಯ ಕೆಲಸಕ್ಕೆ. ಜಮೀನಿನ ಪಹಣಿಯ 9ನೇ ಕಾಲಂನಲ್ಲಿ ಅವಳ ಹೆಸರಿನ ಮುಂದೆ, ಹೆಂಡತಿ ಎನ್ನುವ ‘ಕೋಂ’ ಇರಬೇಕಾದಲ್ಲಿ, ಮಗ ಎನ್ನುವ ‘ಬಿನ್’ ಬಿದ್ದಿದೆ. ಅಂದರೆ ಸರ್ಕಾರದ ಪ್ರಕಾರ ನನ್ನಜ್ಜಿ ನನ್ನಜ್ಜನ ಮಗ. ಅಪ್ಪ ತನ್ನ ತಾಯಿಗೇ ತಮ್ಮ. ನನಗೆ ಅಜ್ಜಿ ದೊಡ್ಡಪ್ಪ. ತಪ್ಪು ಕೈಬರಹದ ಕಾಲದ್ದು. 2000ದ ಆಸುಪಾಸಿನಲ್ಲಿ ಸರ್ಕಾರದ ‘ಭೂಮಿ’ ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗ ಅಜ್ಜಿಯೂ ಮೀಸೆಸಮೇತ ಏರಿದಳು.

ಆಗ ನಮ್ಮ ವೃತ್ತಕ್ಕೆ ಬಂದಿದ್ದ ಲೆಕ್ಕಿಗರು ಅಪ್ಪನ ಅರ್ಜಿ ನೋಡಿ, ‘ಒಂದು ಪದ ತಾನೇ ಯಜಮಾನ್ರೇ, ವಾರದಲ್ಲಿ ಮಾಡಿಸ್ತೀನಿ’ ಎಂದು ಮಜ್ಜಿಗೆ ಕುಡಿದು ಹೋದರು. ಕೆಲ ವರ್ಷಕ್ಕೆ ಅವರು ಕಂದಾಯ ನಿರೀಕ್ಷಕರಾಗಿ ನಾಡಕಚೇರಿಗೆ ಏರಿದರು. ‘ಇನ್ನೂ ಆಗಿಲ್ವಾ? ವರದಿ ಕೆಳಗಿಂದ ಬರಬೇಕಲ್ಲ’ ಎಂದರು. ಕೆಳಗೆ ಅಂದರೆ ಅವರೇ ಎದ್ದು ಬಂದ ಕುರ್ಚಿ. ಅದು ಎರಡು ವರ್ಷ ಖಾಲಿ. ಮುಂದೆ ಉಪ ತಹಶೀಲ್ದಾರರಾಗಿ ತಾಲ್ಲೂಕು ಕಚೇರಿಯಲ್ಲಿ ಸಿಕ್ಕರು. ‘ಆದೇಶ ಮೇಲಿಂದ ಆಗಬೇಕು’ ಎಂದರು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಆ ಮನುಷ್ಯ ಲಂಚ ಕೇಳಿದವರಲ್ಲ, ಗದರಿದವರಲ್ಲ. ಅದೇ ನನಗೆ ಉರಿ. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದಿತ್ತೇ?

ಶಾನುಭೋಗರ ಕಾಲದಲ್ಲಿ ಈ ರಗಳೆ ಇರಲಿಲ್ಲ. ಶಾನುಭೋಗ ಶಾನುಭೋಗನಾಗಿಯೇ ಹುಟ್ಟಿ, ಹಾಗೇ ಸಾಯುತ್ತಿದ್ದ. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಯನ್ನು ಕಿತ್ತುಹಾಕಿತು. ಒಳ್ಳೆಯದೇ ಆಯಿತು, ಅವರ ಲೇಖಣಿಗೆ ಸಿಕ್ಕಿ ಹೊಲ ಕಳೆದುಕೊಂಡವರೇನು ಕಡಿಮೆಯೇ? ಆದರೆ ಬಡ್ತಿ ಇಲ್ಲದ್ದರಿಂದ, ಬೈಯಬೇಕಾದವನ ಜಗಲಿ ಯಾವುದೆಂದು ಊರಿಗೆಲ್ಲ ಗೊತ್ತಿತ್ತು.

ನಮ್ಮ ಆ ಹಳೆಯ ಲೆಕ್ಕಿಗರು 60 ತುಂಬಿ ನಿವೃತ್ತರಾದ ದಿನ ನಾನೂ ಹೋಗಿದ್ದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣಗಳಲ್ಲಿ ಅವರು ಕಂದಾಯ ಇಲಾಖೆಯ ಕಂಬವಾದರು. ಕಂಬ ಎಂಬುದನ್ನು ನಾನು ಒಪ್ಪಿದೆ. ‘ಈಗಿನ ಹುಡುಗರು ಪಾಪ ಸಾರ್, ಎಲ್ಲಕ್ಕೂ ಒಂದೊಂದು ಆ್ಯಪ್’ ಎಂದರು. ಸುಳ್ಳಲ್ಲ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಆ ಆ್ಯಪುಗಳ ಕಾಟ ತಾಳದೆ ಮುಷ್ಕರಕ್ಕೇ ಕೂತಿದ್ದರು.

ಆಮೇಲೆ ದನಿ ತಗ್ಗಿಸಿ, ‘ಅಜ್ಜಿದು ಏನಾಯ್ತು?’ ಎಂದು ಕೇಳಿದರು.

‘ಹಾಗೇ ಇದೆ.’

ತಲೆಯಾಡಿಸಿದರು. ಬುಟ್ಟಿಯ ಬಣ್ಣದ ಕಾಗದ ಹರಿದು ಒಂದು ಮೂಸಂಬಿ ತೆಗೆದು ಕೈಗಿಟ್ಟರು. ಬಸ್ಸಿನಲ್ಲಿ ಸುಲಿದು ತಿಂದೆ. ಸಪ್ಪೆ.