ರಾಜ ಸತ್ತಲ್ಲಿ ಚಿತ್ರಾನ್ನ

ಇಂಗ್ಲೆಂಡಿನಲ್ಲಿ ಭಾನುವಾರ ಬಂತು ಅಂದರೆ ಜನ ಕಾರು ಹತ್ತಿ ಎಲ್ಲಿಗೋ ಹೋಗುತ್ತಾರೆ. ಅಲ್ಲಿ ಕಾರು ನಿಲ್ಲಿಸಿ, ಹೊಲ, ಕಾಡು, ಕೆಸರು ಎಲ್ಲ ಸುತ್ತಿ, ಮತ್ತೆ ಅದೇ ಕಾರಿನ ಹತ್ತಿರ ಬಂದು ನಿಲ್ಲುತ್ತಾರೆ. ಇದಕ್ಕೆ ಸರ್ಕ್ಯುಲರ್ ವಾಕ್ ಅಂತ ಹೆಸರು. ದಾರಿಯಲ್ಲಿ ದೇವಸ್ಥಾನವಿಲ್ಲ, ನೆಂಟರ ಮನೆಯಿಲ್ಲ, ಆದರೂ ನಡೆಯುತ್ತಾರೆ. ಅದೂ ಯಾರದೋ ಹೊಲದ ನಟ್ಟನಡುವೆ. ಸಾರ್ವಜನಿಕ ಕಾಲುದಾರಿ ಅಂತ ನಕ್ಷೆಯಲ್ಲಿ ಇದ್ದುಬಿಟ್ಟರೆ ಹೊಲದ ಯಜಮಾನ ತಡೆಯುವ ಹಾಗಿಲ್ಲ. ಇದನ್ನು ಕೇಳಿ ಅಮ್ಮ ಕಣ್ಣರಳಿಸಿದಳು. ತೋಟದ ಪಕ್ಕದ ಮೂರಡಿ ದಾರಿಗಾಗಿ ಎರಡು ತಲೆಮಾರು ತೀರ್ಥಹಳ್ಳಿ ಕೋರ್ಟಿಗೆ ಅಲೆದ ಮನೆತನ ನಮ್ಮದು.

ಅಮ್ಮ ಸೌತಾಂಪ್ಟನ್ನಿನ ನಮ್ಮ ಮನೆಗೆ ಬಂದಿದ್ದು ಅಕ್ಟೋಬರಿನಲ್ಲಿ. ಅಪ್ಪ ಬರಲಿಲ್ಲ. ಊರಿನಲ್ಲಿ ನನ್ನ ಅಣ್ಣ-ತಮ್ಮಂದಿರ ಪಾಲಿನ ಮಾತುಕತೆ ನಡೀತಿತ್ತು. ಬಂದವಳನ್ನು ಮನೆಯಲ್ಲೇ ಕೂರಿಸಬಾರದು ಅಂತ ನಮ್ಮ ಯಜಮಾನರು ನ್ಯೂ ಫಾರೆಸ್ಟ್‌ನಲ್ಲಿ ಒಂದು ಸುತ್ತು ಗೊತ್ತು ಮಾಡಿದರು. ಬ್ರೂಕ್ ಅನ್ನುವ ಹಳ್ಳಿಯಿಂದ ಹೊರಟು, ರೂಫಸ್ ಸ್ಟೋನ್ ನೋಡಿ, ಕಾಡಿನೊಳಗಿಂದ ವಾಪಸ್. "ಎರಡು ಗಂಟೆ ಸಾಕು" ಅಂದರು. ಅವರ ಎರಡು ಗಂಟೆ ನನಗೆ ಗೊತ್ತು, ಹಾಗಾಗಿ ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಕಲಸಿಕೊಂಡೆ.

ಬೇಲಿ ಬಂದ ಕಡೆ ದಾಟಲು ಮರದ ಮೆಟ್ಟಿಲು ಇಟ್ಟಿರುತ್ತಾರೆ. ಈ ಕಡೆ ಒಂದು ಹಲಗೆ, ಆ ಕಡೆ ಒಂದು ಹಲಗೆ, ಹಿಡಿಯಲು ಒಂದು ಗೂಟ. ಸೀರೆ ಉಟ್ಟು ಸ್ಪೋರ್ಟ್ಸ್ ಶೂ ಹಾಕಿದ್ದ ಅಮ್ಮನಿಗೆ ಇದು ಹೇಗೆ ಅಂತ ಇವರಿಗೆ ಚಿಂತೆ. ಕೈ ಕೊಡಲು ತಾವೇ ಮೊದಲು ಹತ್ತಿದರು. ಅಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗೂಟವನ್ನೂ ಮುಟ್ಟದೆ, ಆಚೆ ಇಳಿದು ನಿಂತಳು. ಇವರು ಇನ್ನೂ ಮೇಲೇ ಇದ್ದರು. ಆಮೇಲೆ ಇಳಿದದ್ದು ನೇರ ಕೆಸರಿಗೆ. ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಆಯ ತಪ್ಪಿ ಹಿಡಿದದ್ದು ತುರಿಕೆ ಸೊಪ್ಪನ್ನು. ಅದಕ್ಕೆ ಡಾಕ್ ಅನ್ನುವ ಎಲೆ ಉಜ್ಜಬೇಕು ಅಂತ ಇಲ್ಲಿಯ ನಂಬಿಕೆ. ಇವರು ಉಜ್ಜಿಕೊಂಡರು. ತುರಿಕೆ ಹೋಗಲಿಲ್ಲ, ಕೈ ಹಸಿರಾಯಿತು.

ಮುಂದೆ ದಾರಿಗೇ ಅಡ್ಡ ಕುದುರೆಗಳು. ಇವು ಕಾಡುಕುದುರೆಗಳಲ್ಲ, ಒಡೆಯರಿದ್ದಾರೆ. ಮೇಯಿಸುವ ಹಕ್ಕಿರುವ ಊರಿನವರು ಕಾಡಿಗೆ ಬಿಟ್ಟಿರುತ್ತಾರೆ. ವರ್ಷದ ಶುಲ್ಕ ಕಟ್ಟಿದ್ದಾರೆ ಅನ್ನುವುದಕ್ಕೆ ಬಾಲದ ಕೂದಲನ್ನೇ ಒಂದು ಬಗೆಯಲ್ಲಿ ಕತ್ತರಿಸುತ್ತಾರೆ. ಬಾಲದಲ್ಲೇ ರಸೀದಿ! ಅಮ್ಮ ಪ್ರತಿ ಕುದುರೆಯ ಹಿಂದೆ ಹೋಗಿ ಪರೀಕ್ಷೆ ಮಾಡುತ್ತ ನಡೆದದ್ದರಿಂದ ಮತ್ತೆ ಅರ್ಧ ಗಂಟೆ ಹೋಯಿತು.

ಅಂತೂ ರೂಫಸ್ ಸ್ಟೋನ್ ಬಂತು. ಸ್ಟೋನ್ ಅಂತ ಹೆಸರಷ್ಟೇ, ಕಾಣುವುದು ಮೂರು ಮುಖದ ಒಂದು ಕಬ್ಬಿಣದ ಕಂಬ. 1745ರಲ್ಲಿ ನೆಟ್ಟ ಕಲ್ಲನ್ನು ನೋಡಲು ಬಂದವರೇ ಹಾಳುಗೆಡವಿದ್ದರಿಂದ 1841ರಲ್ಲಿ ಕಬ್ಬಿಣದ ಕವಚ ಹಾಕಿದರಂತೆ. ದೇವಸ್ಥಾನದ ಗೋಡೆಯಲ್ಲಿ ಹೆಸರು ಕೆತ್ತುವವರು ನಮ್ಮಲ್ಲಿ ಮಾತ್ರ ಇಲ್ಲ ಅಂತ ಸಮಾಧಾನವಾಯಿತು. ಇವರು ಬ್ಯಾಗು ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಶಾಸನ ಓದಿ ಅರ್ಥ ಹೇಳತೊಡಗಿದರು. 1100ನೇ ಇಸವಿ ಆಗಸ್ಟ್ 2. ಇಂಗ್ಲೆಂಡಿನ ರಾಜ ಎರಡನೇ ವಿಲಿಯಂ, ರೂಫಸ್ ಅಂತ ಅಡ್ಡಹೆಸರು, ಇಲ್ಲಿ ಬೇಟೆಗೆ ಬಂದಿದ್ದ. ವಾಲ್ಟರ್ ಟಿರೆಲ್ ಅನ್ನುವವನು ಜಿಂಕೆಗೆ ಬಿಟ್ಟ ಬಾಣ ಓಕ್ ಮರಕ್ಕೆ ತಗುಲಿ, ಜಾರಿ, ರಾಜನ ಎದೆಗೆ ನಾಟಿತು. ಪರ್ಕಿಸ್ ಅನ್ನುವವನ ಗಾಡಿಯಲ್ಲಿ ಹೆಣವನ್ನು ವಿಂಚೆಸ್ಟರಿಗೆ ಸಾಗಿಸಿದರು.

"ಬಾಣ ಮರಕ್ಕೆ ತಾಗಿ ಜಾರ್ತಾ? ನಾಟ್ಕೊಳಲ್ವಾ?" ಅಂದಳು ಅಮ್ಮ. "ಅಳಿಯಂದ್ರೇ, ಅವನಿಗೆ ಅಣ್ಣ-ತಮ್ಮ ಎಷ್ಟು ಜನ?"

ಇವರಿಗೆ ಇಂಥ ಪ್ರಶ್ನೆ ಅಂದರೆ ಪ್ರಾಣ. ಅಪ್ಪ ಮೊದಲನೇ ವಿಲಿಯಂ, ಈ ಕಾಡನ್ನು ಬೇಟೆಗೆ ಅಂತ ಮೀಸಲಿಟ್ಟವನೇ ಅವನು. ಜಿಂಕೆ ಕೊಂದವನ ಕಣ್ಣು ಕೀಳಿಸುತ್ತಿದ್ದ. ಸಾಯುವಾಗ ದೊಡ್ಡವನು ರಾಬರ್ಟನಿಗೆ ನಾರ್ಮಂಡಿ, ಈ ರೂಫಸ್‌ಗೆ ಇಂಗ್ಲೆಂಡ್, ಕಡೆಯವನು ಹೆನ್ರಿಗೆ 5000 ಪೌಂಡ್ ಬೆಳ್ಳಿ.

"ಕಡೆಯವನಿಗೆ ಜಮೀನಿಲ್ಲ, ಬರೀ ದುಡ್ಡು. ಬೇಟೆಗೆ ಅವನೂ ಬಂದಿದ್ನಾ?"

ಬಂದಿದ್ದ. ಅಣ್ಣ ಸತ್ತ ಕೂಡಲೇ ವಿಂಚೆಸ್ಟರಿಗೆ ಕುದುರೆ ಓಡಿಸಿ ಖಜಾನೆ ವಶ ಮಾಡಿಕೊಂಡ. ದೊಡ್ಡಣ್ಣ ಧರ್ಮಯುದ್ಧ ಮುಗಿಸಿ ಇನ್ನೂ ಊರು ಸೇರಿರಲಿಲ್ಲ. ಆಗಸ್ಟ್ 5ಕ್ಕೆ ಹೆನ್ರಿಗೆ ಪಟ್ಟಾಭಿಷೇಕ.

"ಸೂತಕನೂ ಕಳೀಲಿಲ್ಲ!" ಅಂದಳು ಅಮ್ಮ. ಕೇಸು ಮುಗಿಯಿತು. ಚರಿತ್ರೆಕಾರರು ಇವತ್ತಿಗೂ ಜಗಳವಾಡುವ ವಿಷಯಕ್ಕೆ ನಮ್ಮಮ್ಮ ಕಂಬದ ಮುಂದೆ ನಿಂತಲ್ಲೇ ತೀರ್ಪು ಕೊಟ್ಟಳು. ರಾಜ ಸತ್ತದ್ದು ಇಲ್ಲಿ ಅಲ್ಲವೇ ಅಲ್ಲ, ಬ್ಯೂಲಿ ಹತ್ತಿರ ಅಂತಲೂ ಕೆಲವರ ವಾದ ಇದೆ ಅಂತ ಇವರು ಅಡ್ಡಬಾಯಿ ಹಾಕಿದರು. ಜಾಗದ ಸರ್ವೆ ಅಮ್ಮನಿಗೆ ಮುಖ್ಯವಾಗಿರಲಿಲ್ಲ.

ಈ ವಿಚಾರಣೆಯ ನಡುವೆ ಹಿಂದೆ ಏನೋ ಗೊರಗೊರ ಸದ್ದು. ತಿರುಗಿದರೆ ಹಂದಿಗಳು. ಓಕ್ ಕಾಯಿ ಜಾಸ್ತಿ ತಿಂದರೆ ದನ-ಕುದುರೆಗೆ ವಿಷ. ಅದಕ್ಕೇ ಶರತ್ಕಾಲದಲ್ಲಿ ಹಂದಿಗಳನ್ನು ಕಾಡಿಗೆ ಬಿಟ್ಟು ಕಾಯಿ ತಿನ್ನಿಸುತ್ತಾರೆ. ನೂರಾರು ವರ್ಷದ ಪದ್ಧತಿ. ಆದರೆ ನಮ್ಮ ಪಾಲಿಗೆ ಬಂದ ಹಂದಿಗೆ ಓಕ್ ಕಾಯಿ ಸಾಕಾಗಿತ್ತು. ಬ್ಯಾಗು ಕೆಡವಿ, ಡಬ್ಬಿಯ ಮುಚ್ಚಳ ಹಾರಿಸಿ, ಮೂಗಿನ ರಿಂಗು ಅಲ್ಲಾಡಿಸುತ್ತ ಚಿತ್ರಾನ್ನ ಹೊಡೆಯುತ್ತಿತ್ತು. ಕಡಲೆಬೀಜ ಮೊದಲು, ಅನ್ನ ಆಮೇಲೆ. ಮೆಣಸಿನಕಾಯಿಯನ್ನು ಮಾತ್ರ ಬಿಟ್ಟಿತು. ಇಲ್ಲಿ ಕುದುರೆಗಳಿಗೆ ತಿಂಡಿ ಕೊಟ್ಟರೆ ದಂಡ ಇದೆ ಅಂತ ಇವರು ಗಾಬರಿಯಾದರು. ಕೊಟ್ಟವರು ಯಾರು? ಅರಿಶಿನ ಮೂತಿ ಹೊತ್ತು ಹೋದ ಹಂದಿಯನ್ನೇ ಕೇಳಬೇಕು.

ಹೊಟ್ಟೆ ತಾಳ ಹಾಕುತ್ತಿತ್ತು. ಹತ್ತಿರದಲ್ಲಿ ಇದ್ದದ್ದು ಒಂದೇ ಪಬ್ಬು, ಅದರ ಹೆಸರು ಸರ್ ವಾಲ್ಟರ್ ಟಿರೆಲ್. ರಾಜನಿಗೆ ಕಂಬ, ಹೊಡೆದವನಿಗೆ ಪಬ್ಬು! ಕೊಲೆಗಾರನ ಹೆಸರಿನ ಮನೆಯಲ್ಲಿ ಅಮ್ಮ ತಿನ್ನುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನ. "ಅವನೇನು ಮಾಡಿದ್ದಾನೆ ಪಾಪ, ಹೆಸರು ಕೆಡಿಸಿಕೊಂಡ ಅಷ್ಟೇ" ಅಂತ ಅಮ್ಮ ಒಳಗೆ ನಡೆದೇಬಿಟ್ಟಳು. ಆಲೂಗಡ್ಡೆ ಚಿಪ್ಸಿಗೆ ಉಪ್ಪು ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದಳು. ಟಿರೆಲ್ ಫ್ರಾನ್ಸಿಗೆ ಓಡಿಹೋಗಿ, ತಾನು ಅಲ್ಲಿ ಇರಲೇ ಇಲ್ಲ ಅಂತ ಆಣೆ ಮಾಡಿದ್ದನಂತೆ. ಇದನ್ನು ಇವರು ಹೇಳಿದಾಗ "ನಾನು ಹೇಳ್ಲಿಲ್ವಾ" ಅನ್ನುವ ಹಾಗೆ ನನ್ನ ಕಡೆ ನೋಡಿದಳು.

ಕಾಡಿನ ಸುತ್ತು ಮುಗಿಸಿ ಕಾರು ಸೇರುವಾಗ ಕತ್ತಲಾಗಿತ್ತು. ಮನೆಗೆ ಬಂದವಳು ಶೂ ಬಿಚ್ಚುವ ಮೊದಲೇ ಊರಿಗೆ ಫೋನು ಹಚ್ಚಿದಳು. ಅಲ್ಲಿ ನಡುರಾತ್ರಿ ಕಳೆದಿತ್ತು. ಸ್ಪೀಕರಿನಲ್ಲಿ ಅಪ್ಪನ ನಿದ್ದೆಗಣ್ಣಿನ ದನಿ.

"ನೋಡಿ, ಚಿಕ್ಕವನಿಗೆ ದುಡ್ಡು ಕೊಟ್ಟು ಸುಮ್ನಾಗೋದು ಬೇಡ. ಅವನಿಗೂ ತೋಟದಲ್ಲೇ ಪಾಲು ಕೊಡಿ. ಈಗಲೇ ಬರೆಸಿಬಿಡಿ."

"ಏನಾಯ್ತೇ? ಯಾರಿಗೇನಾಯ್ತು?"

"ವಿಲಿಯಂಗೆ ಹೆಣ್ಣುಮಕ್ಕಳೂ ಇದ್ರು ಕಣಮ್ಮ" ಅಂದೆ ನಾನು, ಪಕ್ಕದಿಂದ.

ಅಮ್ಮ ಸ್ಪೀಕರ್ ಆಫ್ ಮಾಡಿ ರೂಮಿಗೆ ಹೋದಳು.