ನಮ್ಮ ಮನೆತನದ ವರಾಹ

ನಿನ್ನೆ ಸಂಜೆ ಗೇಟಿಗೆ ಬೋರ್ಡ್ ಹಾಕಿಸಿದೆ. ಇವತ್ತು ಬೆಳಿಗ್ಗೆ ಹಾಲಿನವನು ಕೇಳಿದ: "ಏನ್ರೀ ಸರ್, ಹಂದಿ ಸಾಕೀರೇನು?"

ಹಂದಿಯಲ್ಲ, ವರಾಹ! ಬಾದಾಮಿ ಚಾಲುಕ್ಯರ ಲಾಂಛನ. ಧಾರವಾಡದಲ್ಲಿ ಹೊಸ ಮನೆ ಕಟ್ಟಿಸಿದ್ದೇ ನಮ್ಮ ಮನೆತನಕ್ಕೂ ಒಂದು ಲಾಂಛನ ಇರಲಿ ಅನ್ನಿಸಿತು. ಓದಿಯೂ ಬಿಟ್ಟೆ. 12ನೇ ಶತಮಾನದಿಂದ ಯುರೋಪಿನ ಸರದಾರರು ಗುರಾಣಿ ಮೇಲೆ ಇಂಥ ಚಿತ್ರ ಬರೆಸುತ್ತಿದ್ದರು. ಹಳದಿ ಅಂದರೆ ಬಂಗಾರ, ಬಿಳಿ ಅಂದರೆ ಬೆಳ್ಳಿ. ಲೋಹದ ಮೇಲೆ ಲೋಹ ಹಾಕುವಂತಿಲ್ಲ. ಹಾಕಿದರೆ ದೂರಕ್ಕೆ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಕೆಂಪು ಗುರಾಣಿ, ಬಿಳಿ ವರಾಹ, ಅಷ್ಟೇ ಅಂತ ಹಾಳೆ ಮೇಲೆ ಬರೆದುಕೊಂಡು ಹುಬ್ಬಳ್ಳಿಯ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆ.

ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಖಾಲಿ ಜಾಗ ಕಂಡರೆ ಮೈ ಉರಿಯುತ್ತದೆ. "ಇಲ್ಲೆ ಖಾಲಿ ಐತ್ರಿ ಸರ್" ಎಂದು ಮೂಲೆಗೊಂದು ಗುಲಾಬಿ ಇಟ್ಟ. ತೆಗೆಸಿದೆ. "ಮತ್ತ ಖಾಲಿ ಆತ್ರಿ" ಎಂದು ಎರಡು ನವಿಲು ಬಿಟ್ಟ. ತೆಗೆಸಿದೆ. "ನಿಮ್ಮದೊಂದು ಕೈ ಮುಗದ ಫೋಟೋ ಕೊಡ್ರಲಾ" ಅಂದ. ಬೇಡಪ್ಪಾ, ಕೆಳಗೆ ಒಂದು ಸಾಲು ಧ್ಯೇಯವಾಕ್ಯ ಸಾಕು ಅಂದೆ. ಹುಡುಗನ ಮುಖ ಅರಳಿತು. "ಶುಭ ಕೋರುವವರು ಯಾರ್ಯಾರ್ರಿ?"

ತಲೆ ಕೆಟ್ಟು ಗಿರಮಿಟ್ ತಿನ್ನಲು ಹೋದೆ. ಬರುವಷ್ಟರಲ್ಲಿ ಪ್ರಿಂಟ್ ಆಗಿತ್ತು. ಬಿಳಿ ನೆಲದ ಮೇಲೆ ಹಳದಿ ವರಾಹ. "ಬಂಗಾರದ್ದು ಮಾಡೇನ್ರಿ, ಮಿಂಚತೈತಿ." ಕೋರೆಹಲ್ಲು ಮಾಯ. "ಹಲ್ಲು ಚೊಲೋ ಕಾಣಲಿಲ್ರಿ, ತಗದೆ." ಕೋರೆ ಕಿತ್ತ ವರಾಹ ಏನಾಗುತ್ತದೆ ಅಂತ ಹಾಲಿನವನನ್ನೇ ಕೇಳಿ. ಮೇಲಾಗಿ ಅದು ನಗುತ್ತಿದೆ.

ಚಹಾ ಕುಡಿಯುತ್ತಾ ಅವ್ವನ ತಂಬಿಗೆ ನೆನಪಾಯಿತು. ಅವ್ವ ಪಾತ್ರೆ ಅಂಗಡಿಯಲ್ಲಿ ಪಟ್ಟು ಹಿಡಿದು ಕೂತು ಹೆಸರು ಕೊರೆಸುತ್ತಿದ್ದಳು. ಟಕ್ ಟಕ್ ಅಂತ ಚುಕ್ಕಿ ಚುಕ್ಕಿಯಾಗಿ ಹೆಸರು, ಅದರ ಕೆಳಗೊಂದು ಪುಟ್ಟ ಹೂ. ಯಾರ ಮದುವೆಗೆ ಕೊಟ್ಟರೂ ತಂಬಿಗೆ ತಪ್ಪದೆ ನಮ್ಮ ಮನೆಗೇ ಮರಳುತ್ತಿತ್ತು. ಹೆಸರು ಈಗ ಸವೆದಿದೆ. ಹೂ ಇದೆ, ಸುತ್ತ ಎಲ್ಲಾ ಖಾಲಿ.

ಹೆಂಡತಿಗೆ ಮಾತ್ರ ಸೋಲೊಪ್ಪಲಿಲ್ಲ. ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎಡಕ್ಕೊಂದು, ಬಲಕ್ಕೊಂದು ಆನೆ ಸೊಂಡಿಲಿನ ಸಿಂಹ ನಿಂತಿವೆ, ನಮ್ಮದಕ್ಕೂ ಹಾಗೆ ಎರಡು ಬೇಕಿತ್ತು ಅಂದೆ. ಅವಳು ಬಾಗಿಲಲ್ಲಿ ನಿಂತು ಗೇಟಿನ ಕಡೆ ನೋಡಿದಳು. ಬೋರ್ಡಿನ ಕೆಳಗೆ ನಮ್ಮ ಓಣಿಯ ಎರಡು ಹಂದಿ, ಎಡಕ್ಕೊಂದು ಬಲಕ್ಕೊಂದು, ಆರಾಮಾಗಿ ಮಲಗಿದ್ದವು.

"ಬಂದಾವ ನೋಡ್ರಿ," ಅಂದಳು.