ಶಾಲು ಸಾಕು, ಸಂಭಾವನೆ ಕೊಡೋಣ

ಮಂಗಳೂರಿನಲ್ಲಿ ಸಿಎಂಇಗಳಿಗೆ, ಅಂದರೆ ವೈದ್ಯರ ಮುಂದುವರಿದ ಕಲಿಕೆಯ ಕಾರ್ಯಕ್ರಮಗಳಿಗೆ, ಬರ ಇಲ್ಲ. ಭಾನುವಾರ ಬಂತೆಂದರೆ ಅತ್ತಾವರದಲ್ಲೋ ದೇರಳಕಟ್ಟೆಯಲ್ಲೋ ಒಂದು ಇದ್ದೇ ಇರುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 30 ಕ್ರೆಡಿಟ್ ಅವರ್ ಬೇಕಲ್ಲ, ಜನ ಬರುತ್ತಾರೆ. ಆದರೆ ಮಾತಾಡಲು ಬಂದವರಿಗೆ ಸಂಭಾವನೆ ಕೊಡುವ ವಿಷಯ ಬಂದರೆ ನಮಗೆಲ್ಲ ಎಲ್ಲಿಲ್ಲದ ಸಂಕೋಚ.

"ಸರ್, ಒಂದು ನಲವತ್ತು ನಿಮಿಷ ಮಾತಾಡಿ ಸರ್" ಅಂತ ಫೋನ್ ಮಾಡುತ್ತೇವೆ. ದುಡ್ಡಿನ ಸುದ್ದಿ ನಾವು ಎತ್ತುವುದಿಲ್ಲ, ಅವರು ಕೇಳುವುದಿಲ್ಲ. ಕೊನೆಗೆ ಒಂದು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ನನ್ನ ಶೋಕೇಸಿನಲ್ಲೂ ಅಂಥ ಫಲಕಗಳಿವೆ. ಒಂದರಲ್ಲಿ ನನ್ನ ಇನಿಶಿಯಲ್ಲೇ ತಪ್ಪು!

ಹಾಗಾದರೆ ಬೆಂಗಳೂರಿನಿಂದ ಬಂದವರ ವಿಮಾನದ ಟಿಕೆಟ್ಟು, ಹೋಟೆಲ್ ರೂಮು? "ಅದನ್ನು ಔಷಧ ಕಂಪನಿಯವರು ನೋಡಿಕೊಳ್ತಾರೆ." ಸ್ಲೈಡಿನಲ್ಲಿ ಔಷಧದ ಜೆನೆರಿಕ್ ಹೆಸರೇ ಇರುತ್ತದೆ, ಅಲ್ಲಿ ಯಾರೂ ತಪ್ಪು ಹುಡುಕುವ ಹಾಗಿಲ್ಲ. ಬ್ರ್ಯಾಂಡ್ ಹೆಸರಿನ ಸ್ಟ್ಯಾಂಡಿ ಮಾತ್ರ ಪೋಡಿಯಂ ಪಕ್ಕದಲ್ಲೇ, ಫೋಟೋಗೆ ಸರಿಯಾಗಿ ಬೀಳುವಂತೆ ನಿಂತಿರುತ್ತದೆ. ಹಳೆಯ ಅಗ್ಗದ ಇನ್ಸುಲಿನ್‌ಗೆ ಒಂದೇ ಸ್ಲೈಡು, ಮಿಕ್ಕದ್ದೆಲ್ಲ ಹೊಸದರ ಬಗ್ಗೆ. ಭಾಷಣಕಾರರು ಸುಳ್ಳು ಹೇಳಿದರು ಅನ್ನುತ್ತಿಲ್ಲ. ಹೇಳದೆ ಬಿಟ್ಟದ್ದು ಏನು ಅಂತ ನೋಡಿ.

ನಿಯಮ ಇಲ್ಲ ಅಂತಲ್ಲ. ವೈದ್ಯರು ಕಂಪನಿ ದುಡ್ಡಿನಲ್ಲಿ ಸಮ್ಮೇಳನಗಳಿಗೆ ಡೆಲಿಗೇಟ್ ಆಗಿ ಪ್ರಯಾಣ ಮಾಡಬಾರದು ಅಂತ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು (ಎಂಸಿಐ) 2009ರಲ್ಲೇ ಹೇಳಿತ್ತು. ಔಷಧ ಕಂಪನಿಗಳ ಪ್ರಚಾರಕ್ಕೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ತಂದ ಸಂಹಿತೆ ಯುಸಿಪಿಎಂಪಿಯೂ ಅದನ್ನೇ ಹೇಳುತ್ತದೆ, ಆದರೆ ಭಾಷಣಕಾರರಿಗೆ ವಿನಾಯಿತಿ ಇದೆ. ಈಗ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಒಂದು ಉಪನ್ಯಾಸಕ್ಕೆ ಇಬ್ಬರು ಚೇರ್‌ಪರ್ಸನ್, ಒಬ್ಬರು ಮಾಡರೇಟರ್, ಆರು ಪ್ಯಾನೆಲಿಸ್ಟ್. ಎಲ್ಲರೂ ಭಾಷಣಕಾರರ ಲೆಕ್ಕಕ್ಕೇ! ಸುಮ್ನೆ ಆಗಿದ್ದಾ ಇದು?

ನನಗೆ ಜಾಸ್ತಿ ಬೇಜಾರು ಬೇರೆ ವಿಷಯಕ್ಕೆ. ನಮ್ಮ ಕರಾವಳಿಗೆ ಬೇಕಾದ ಪಾಠಗಳಿಗೆ ಪ್ರಾಯೋಜಕರೇ ಸಿಗುವುದಿಲ್ಲ. ಗದ್ದೆಗೆ ಇಳಿದವರಿಗೆ ಬರುವ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಕಾಗುವ ಹಂತದಲ್ಲೇ ಗುರುತಿಸುವುದು ಹೇಗೆ? ವೈವ್ಯಾಕ್ಸ್ ಮಲೇರಿಯಾದ ರೋಗಿ ಜ್ವರ ಬಿಟ್ಟ ಮೇಲೂ 14 ದಿನ ಪ್ರೈಮಾಕ್ವಿನ್ ನುಂಗುವಂತೆ ಮಾಡುವುದು ಹೇಗೆ? ಹಾವು ಕಚ್ಚಿದವರನ್ನು ಸಣ್ಣ ಆಸ್ಪತ್ರೆಯಿಂದ ಯಾವಾಗ ಕಳಿಸಬೇಕು? ಇವನ್ನು ಹೇಳಬಲ್ಲವರು ನಮ್ಮ ವೆನ್‌ಲಾಕ್ ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲೇ ಇದ್ದಾರೆ. ವಿಮಾನದ ಟಿಕೆಟ್ಟೂ ಬೇಡ. ಆದರೆ ಅಗ್ಗದ ಮಾತ್ರೆಗೆ ಸ್ಟ್ಯಾಂಡಿ ಹಾಕುವವರು ಯಾರು?

"ವಿದ್ಯಾದಾನಕ್ಕೆ ದುಡ್ಡಾ ಮಾರಾಯ್ರೆ?" ಅಂತ ಹಿರಿಯರೊಬ್ಬರು ಕೇಳಿದರು. ತಾಳಮದ್ದಳೆಗೆ ಅರ್ಥಧಾರಿಗಳನ್ನು ಕರೆದರೆ ಸಂಭಾವನೆ ಕೊಡುವುದಿಲ್ವಾ? ಅದರಿಂದ ಅವರ ಮಾತಿನ ತೂಕ ಕಡಿಮೆಯಾಯಿತಾ? ನಮಗೆ ಮಾತ್ರ ಯಾಕೆ ಈ ಮಡಿ!

ನೋಂದಣಿ ಶುಲ್ಕ 500 ರೂಪಾಯಿ ಇಡೋಣ. ನೂರು ಜನ ಬಂದರೆ 50,000 ಆಯಿತು. ಇಬ್ಬರು ಭಾಷಣಕಾರರಿಗೆ ತಲಾ 10,000, ಬ್ಯಾಂಕ್ ಖಾತೆಗೇ ಹಾಕೋಣ. ಊರಿನವರಿಗೂ ಅಷ್ಟೇ, ಹೊರಗಿನವರಿಗೂ ಅಷ್ಟೇ, ಹೋಗಿಬರುವ ಖರ್ಚು ಬೇರೆ. ಯಾರಿಗೆ ಎಷ್ಟು ಕೊಟ್ಟೆವು ಅಂತ ಮೊದಲ ಸ್ಲೈಡಿನಲ್ಲೇ ಇರಲಿ. ಊಟಕ್ಕೆ ಅನ್ನ, ಸಾರು, ಒಂದು ಪಲ್ಯ, ಪಾಯಸ ಸಾಕು. ಐಸ್‌ಕ್ರೀಂ ಕೌಂಟರ್ ಇಲ್ಲ ಅಂತ ಗೊಣಗುವವರು ಇದ್ದೇ ಇರುತ್ತಾರೆ, ಪರವಾಗಿಲ್ಲ.

ಮಳೆ ಹಿಡಿಯುವ ಮೊದಲೇ ಇಲಿಜ್ವರದ ಬಗ್ಗೆ ಹೀಗೊಂದು ಮಾಡೋಣ ಅಂತ ನಮ್ಮ ವೈದ್ಯರ ಸಂಘದ ಶಾಖೆಯ ಸಭೆಯಲ್ಲಿ ಹೇಳಿದ್ದೇನೆ. 500 ಜಾಸ್ತಿಯಾಯಿತು ಅನ್ನುವ ಡಾಕ್ಟರುಗಳು ಈಗಲೇ ಹೇಳಿಬಿಡಿ.